ಸ್ವಾಧ್ಯಾಯ ಕೊಠಡಿಯ ಮಾಡಿನ ದುರಸ್ತಿಗಾಗಿ ದೇಣಿಗೆ ಮನವಿ

ನಮ್ಮ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ, ಪೋಷಕರಿಗೆ ಹಾಗೂ ದೂರದ ಊರುಗಳಲ್ಲಿ ನೆಲೆಸಿರುವ ಎಲ್ಲ ಹಿತೈಷಿಗಳಿಗೆ ಆಡಳಿತ ಮಂಡಳಿಯ ಸವಿನಯ ನಮಸ್ಕಾರಗಳು.

ಈ ಸಲದ ಆಶ್ಲೇಷಾ ಮಳೆಯಲ್ಲಿ ಶಾಲೆಯ ಸ್ವಾಧ್ಯಾಯ ಕೊಠಡಿಯ ಮಾಡಿನ ಪಶ್ಚಿಮ ಭಾಗ ಕುಸಿದ ಸುದ್ದಿ ತಮ್ಮಲ್ಲಿ ಹಲವರಿಗೆ ಈಗಾಗಲೇ ಮುಟ್ಟಿರಬಹುದು. ಗೆದ್ದಲು ಹಿಡಿದಿದ್ದ ಪಕಾಸಿಗಳು, ಅಂದರೆ ಮಾಡನ್ನು ಹೊರುವ ಇಳಿಜಾರಿನ ಮರಗಳು, ನೆನೆದ ಹಂಚಿನ ಭಾರ ತಾಳದೆ ಮುರಿದವು. ರಾತ್ರಿಯ ಹೊತ್ತಾದ್ದರಿಂದ ಯಾರಿಗೂ ಅಪಾಯವಾಗಲಿಲ್ಲ ಎಂಬುದೇ ದೊಡ್ಡ ಸಮಾಧಾನ. ಆದರೆ ಗೋಡೆಗೆ ತಾಗಿಸಿಟ್ಟಿದ್ದ ಕಪಾಟುಗಳ ಪುಸ್ತಕಗಳೆಲ್ಲ ತೊಯ್ದುಹೋದವು. ಮರುದಿನ ಮಕ್ಕಳು ಯಾರೂ ಹೇಳದೆಯೇ ಅವನ್ನು ತಮ್ಮ ತಮ್ಮಲ್ಲಿ ಹಂಚಿಕೊಂಡು ಮನೆಗೆ ಒಯ್ದು, ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಹಾಳೆ ಹಾಳೆ ಬಿಡಿಸಿ ಒಣಗಿಸಿ, ವಾರದೊಳಗೆ ತಂದು ಒಪ್ಪಿಸಿದರು. ನಿಘಂಟಿನ ಸಂಪುಟಗಳೂ ವಿಜ್ಞಾನ ಮಾಸಿಕದ ಹಳೆಯ ಸಂಚಿಕೆಗಳೂ ಹೀಗೆ ಉಳಿದವು. ಬಹಳಷ್ಟು ಪುಸ್ತಕಗಳನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ.

ಶಾಲೆಯ ಚರಿತ್ರೆಯನ್ನು ತಮಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ, ತೋಟ, ದೇವಸ್ಥಾನಗಳನ್ನು ಬಿಟ್ಟು ಬಂದು ಈ ಸೀಮೆಯಲ್ಲಿ ನೆಲೆ ನಿಂತ ಹಿರಿಯರು, ತಮ್ಮ ಮನೆಗಳಿಗೆ ಇನ್ನೂ ಸೋಗೆ ಹೊದೆಸುತ್ತಿದ್ದ ಕಾಲದಲ್ಲಿ ಶಾಲೆಗೆ ಹಂಚು ಹೊದೆಸಿದರು. ಅಡಿಕೆ ಬೆಳೆಗಾರರು ಫಸಲಿನ ಒಂದು ಪಾಲನ್ನೂ, ಕೂಲಿ ಮಾಡುವವರು ತಮ್ಮ ದುಡಿಮೆಯ ದಿನಗಳನ್ನೂ ಕೊಟ್ಟು ಎಬ್ಬಿಸಿದ ಕಟ್ಟಡವಿದು. ಅಂದಿನಿಂದ ಇಂದಿನವರೆಗೆ ಇಲ್ಲಿ ಕಲಿತವರು ವೈದ್ಯರಾಗಿ, ಶಿಕ್ಷಕರಾಗಿ, ಸೈನಿಕರಾಗಿ, ಪ್ರಗತಿಪರ ಕೃಷಿಕರಾಗಿ ಹೆಸರು ಮಾಡಿದ್ದಾರೆ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ನಮ್ಮ ಮಕ್ಕಳ ಯೋಜನೆಗಳು ಜಿಲ್ಲೆಯನ್ನು ದಾಟಿ ರಾಜ್ಯಮಟ್ಟಕ್ಕೆ ಹೋದ ವರ್ಷಗಳನ್ನು ನಾವು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ. ಅಂಥ ಯೋಜನೆಗಳೆಲ್ಲ ಹುಟ್ಟಿದ್ದು ಇದೇ ಕೊಠಡಿಯಲ್ಲಿ.

ಸ್ವಾಧ್ಯಾಯ ಕೊಠಡಿಯ ಕ್ರಮ ಸರಳವಾದದ್ದು. ದಿನವೂ ಕೊನೆಯ ಅವಧಿಯಲ್ಲಿ ಮತ್ತು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎಂಟರಿಂದ ಹತ್ತನೆಯ ತರಗತಿಯ ಮಕ್ಕಳು ಇಲ್ಲಿ ಸೇರುತ್ತಾರೆ. ಇಲ್ಲಿ ಪಾಠವಿಲ್ಲ, ನೋಟ್ಸ್ ಬರೆಸುವುದಿಲ್ಲ. ಪ್ರತಿಯೊಬ್ಬರ ಬಳಿಯೂ ಒಂದು ಪ್ರಶ್ನೆ ಪುಸ್ತಕವಿರುತ್ತದೆ. ತನಗೆ ಹೊಳೆದ ಪ್ರಶ್ನೆಯನ್ನು ಅದರಲ್ಲಿ ಬರೆದು, ಉತ್ತರವನ್ನು ಪುಸ್ತಕದಿಂದಲೋ ಪ್ರಯೋಗದಿಂದಲೋ ಊರಿನ ಹಿರಿಯರಿಂದಲೋ ತಾನೇ ಹುಡುಕಿಕೊಳ್ಳಬೇಕು. ಶಿಕ್ಷಕರು ಜೊತೆಗಿರುತ್ತಾರೆ, ಕೇಳಿದರೆ ದಾರಿ ತೋರಿಸುತ್ತಾರೆ, ಉತ್ತರ ಹೇಳಿಕೊಡುವುದಿಲ್ಲ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ ಪುಸ್ತಕವನ್ನೇ ನೋಡಬಹುದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯಲು ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಸೇರಿಸಿ ಬೋರ್ಡೋ ದ್ರಾವಣ ತಯಾರಿಸುವುದು ನಮ್ಮೂರಿನ ಎಲ್ಲರಿಗೂ ಗೊತ್ತು. ಅವಳ ತಂದೆ ದ್ರಾವಣಕ್ಕೆ ಕತ್ತಿಯ ಅಲಗನ್ನು ಅದ್ದಿ ತೆಗೆದು, ಅಲಗಿನ ಮೇಲೆ ಕೆಂಪು ಬಣ್ಣ ಕಂಡರೆ ಇನ್ನಷ್ಟು ಸುಣ್ಣ ಹಾಕುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ‘ಕತ್ತಿ ಏಕೆ ಕೆಂಪಾಗುತ್ತದೆ?’ ಎಂಬುದು ಅವಳು ಬರೆದುಕೊಂಡ ಪ್ರಶ್ನೆ. ವಿಜ್ಞಾನದ ಪಠ್ಯದಲ್ಲಿ ತಾಮ್ರದ ಸಲ್ಫೇಟ್, ಅಂದರೆ ಅದೇ ಮೈಲುತುತ್ತದ, ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕುವ ಚಟುವಟಿಕೆ ಬಂದಾಗ ಅವಳಿಗೆ ಎರಡೂ ಒಂದೇ ಎಂದು ಹೊಳೆಯಿತು. ಮೊಳೆ, ಮೈಲುತುತ್ತ, ಸುಣ್ಣಗಳನ್ನು ಇಟ್ಟುಕೊಂಡು, ಸುಣ್ಣದ ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ನೋಡಿ, ಸುಣ್ಣ ಸಾಕಷ್ಟಾದ ಮೇಲೆ ಮೊಳೆಗೆ ತಾಮ್ರ ಕೂರುವುದಿಲ್ಲ ಎಂದು ತಾನೇ ಕಂಡುಕೊಂಡಳು. ಅಲ್ಲಿಗೇ ನಿಲ್ಲದೆ, ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1910ರಷ್ಟು ಹಿಂದೆಯೇ ಕೊಳೆರೋಗದ ಮೇಲೆ ಪ್ರಬಂಧ ಪ್ರಕಟಿಸಿದ್ದನ್ನೂ ಹುಡುಕಿ ತೆಗೆದಳು. ಮೊದಲೆಲ್ಲ ತರಗತಿಯಲ್ಲಿ ಎದ್ದು ನಿಂತು ಮಾತನಾಡಲು ಹಿಂಜರಿಯುತ್ತಿದ್ದ ಈ ಹುಡುಗಿ ಪೋಷಕರ ಸಭೆಯಲ್ಲಿ ನಲವತ್ತು ಜನ ಬೆಳೆಗಾರರ ಎದುರು ನಿಂತು ಇದನ್ನು ವಿವರಿಸಿದಾಗ ಸಭೆಯಲ್ಲಿದ್ದ ನಮಗೆಲ್ಲ ಕಣ್ಣು ತುಂಬಿತು. ಇಂಥ ಆತ್ಮವಿಶ್ವಾಸವನ್ನು ಯಾವ ಗೈಡು ಪುಸ್ತಕವೂ ಕೊಡಲಾರದು ಎಂಬುದು ನಮ್ಮ ದೃಢವಾದ ನಂಬಿಕೆ.

ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ತೋಟದ ಕೂಲಿಯವರ, ಸಣ್ಣ ಹಿಡುವಳಿದಾರರ ಮಕ್ಕಳು. ಮಳೆಗಾಲದಲ್ಲಿ ಹಳ್ಳ ದಾಟಿ, ಕಾಡುಹಾದಿಯಲ್ಲಿ ನಡೆದು, ಇರುವ ಒಂದು ಬಸ್ಸನ್ನು ಹಿಡಿದು ಬರುತ್ತಾರೆ. ಮನೆಯಲ್ಲಿ ಕೂತು ಓದಲು ಬೇರೆ ಜಾಗವಿಲ್ಲ, ಗಾಳಿಮಳೆಗೆ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ಶುರುವಾದರೆ ಅಡಿಕೆ ಸುಲಿಯುವ ಕೆಲಸಕ್ಕೆ ಮಕ್ಕಳೂ ಕೈ ಸೇರಿಸಬೇಕಾಗುತ್ತದೆ. ಪಟ್ಟಣದ ಮಕ್ಕಳಿಗಿರುವ ಟ್ಯೂಷನ್ ಇವರಿಗಿಲ್ಲ. ಎಂಟನೆಯ ತರಗತಿಯವರು ಬರೆಯುವ ಎನ್‌ಎಂಎಂಎಸ್ (ಕಡಿಮೆ ಆದಾಯದ ಮನೆಗಳ ಪ್ರತಿಭಾವಂತ ಮಕ್ಕಳಿಗಾಗಿರುವ ಕೇಂದ್ರ ಸರಕಾರದ ವಿದ್ಯಾರ್ಥಿವೇತನ) ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿಯ ತನಕ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಇಂಥ ಮನೆಗಳಿಗೆ ಅದು ಸಣ್ಣ ಮೊತ್ತವಲ್ಲ. ಅದಕ್ಕೂ ನಮ್ಮ ಮಕ್ಕಳು ಈ ಕೊಠಡಿಯಲ್ಲಿಯೇ, ಹತ್ತನೆಯ ತರಗತಿಯ ಅಕ್ಕ, ಅಣ್ಣಂದಿರ ಜೊತೆ ಕೂತು ತಯಾರಾಗುತ್ತಾರೆ.

2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಮೂಲಕ ನಿಗಾ ಇಡುವ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಬಂದು, ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿದದ್ದು ತಮಗೆ ನೆನಪಿರಬಹುದು. ಆ ವರ್ಷವೂ ನಮ್ಮ ಶಾಲೆಯ ಫಲಿತಾಂಶ ಕುಗ್ಗಲಿಲ್ಲ. ತಾವಾಗಿ ಓದಿ ಅರ್ಥ ಮಾಡಿಕೊಂಡ ಮಕ್ಕಳಿಗೆ ಕ್ಯಾಮೆರಾದ ಅಂಜಿಕೆ ಇರಲಿಲ್ಲ.

ಅನುದಾನಿತ ಶಾಲೆಗೆ ಸರಕಾರದಿಂದ ಬರುವುದು ಶಿಕ್ಷಕರ ವೇತನ, ಕಟ್ಟಡದ ಹೊಣೆ ಆಡಳಿತ ಮಂಡಳಿಯದು. ನಿವೃತ್ತರಾದ ಶಿಕ್ಷಕರ ಜಾಗಕ್ಕೆ ಮಂಡಳಿಯೇ ಗೌರವಧನ ಕೊಟ್ಟು ಇಬ್ಬರನ್ನು ನೇಮಿಸಿಕೊಂಡಿರುವುದರಿಂದ ನಮ್ಮ ಕೈಯಲ್ಲಿ ಉಳಿತಾಯವೆಂಬುದು ಇಲ್ಲ. ಪಕಾಸಿಗಳನ್ನೂ, ಹಂಚು ಕೂರುವ ಮರದ ಪಟ್ಟಿಗಳಾದ ರೀಪುಗಳನ್ನೂ ಪೂರ್ತಿ ಬದಲಿಸಿ, ಒಳ್ಳೆಯ ಹಂಚುಗಳನ್ನು ಆರಿಸಿಕೊಂಡು ಮತ್ತೆ ಹೊದೆಸಲು ಸುಮಾರು ನಾಲ್ಕು ಲಕ್ಷ ರೂಪಾಯಿ ಬೇಕಾಗುತ್ತದೆ ಎಂದು ಊರಿನ ಬಡಗಿಗಳ ಅಂದಾಜು. ಪುಸ್ತಕ, ಗೆದ್ದಲು ಹತ್ತದ ಕಬ್ಬಿಣದ ಕಪಾಟು, ಸೋಲಾರ್ ದೀಪಗಳಿಗೆ ಇನ್ನೂ ಒಂದೂವರೆ ಲಕ್ಷದಷ್ಟು ಬೇಕು. ಊರಿನವರು ಮರ ಕೊಡಲು, ಆಳಿನ ಕೆಲಸಕ್ಕೆ ಬರಲು ಒಪ್ಪಿದ್ದಾರೆ, ಅದರಿಂದ ಸ್ವಲ್ಪ ಖರ್ಚು ಇಳಿಯಬಹುದು.

ಸದ್ಯ ಮಕ್ಕಳು ಊಟದ ಜಗಲಿಯಲ್ಲಿ ಕೂತು ಓದುತ್ತಿದ್ದಾರೆ. ದಸರಾ ರಜೆಯಲ್ಲಿ ಕೆಲಸ ಮುಗಿಯಲೇಬೇಕು. ದೀಪಾವಳಿ ಕಳೆದರೆ ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಆಳು ಸಿಗುವುದಿಲ್ಲ, ಬಳಿಕ ಹತ್ತನೆಯವರಿಗೆ ಪೂರ್ವಸಿದ್ಧತಾ ಪರೀಕ್ಷೆಗಳು ಬರುತ್ತವೆ. ಆದ್ದರಿಂದ ಮಹಾಲಯ ಅಮಾವಾಸ್ಯೆಯ ಒಳಗೆ ತಮ್ಮ ಶಕ್ತ್ಯನುಸಾರ ದೇಣಿಗೆ ನೀಡಬೇಕೆಂದು ಕಳಕಳಿಯಿಂದ ಪ್ರಾರ್ಥಿಸುತ್ತೇವೆ. ಐನೂರು ರೂಪಾಯಿಯೂ ನಮಗೆ ದೊಡ್ಡದೇ. ಹಣ ಕೊಡಲಾಗದವರು ಪ್ರೌಢಶಾಲೆಯ ಮಕ್ಕಳು ಓದಬಹುದಾದ ಕನ್ನಡ ಪುಸ್ತಕಗಳನ್ನು ಕಳುಹಿಸಬಹುದು, ಇಲ್ಲವೇ ಶನಿವಾರ ಬಂದು ಮಕ್ಕಳ ಪ್ರಶ್ನೆಗಳಿಗೆ ಜೊತೆಯಾಗಬಹುದು.

ಆದಾಯ ತೆರಿಗೆ ವಿನಾಯಿತಿ ಬಯಸುವವರು ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡದೆ, ಚೆಕ್ ಮೂಲಕ ಅಥವಾ ಶಾಲೆಯ ಬ್ಯಾಂಕ್ ಖಾತೆಗೆ ನೇರವಾಗಿ ಜಮಾ ಮಾಡಬೇಕಾಗಿ ವಿನಂತಿ. ಖಾತೆಯ ವಿವರ ಶಾಲಾ ಕಚೇರಿಯಲ್ಲಿ ದೊರೆಯುತ್ತದೆ. ಪ್ರತಿ ದೇಣಿಗೆಗೂ ರಸೀದಿ ಕೊಡಲಾಗುವುದು ಮತ್ತು ಕಾಮಗಾರಿಯ ಪೂರ್ತಿ ಲೆಕ್ಕವನ್ನು ಮುಂದಿನ ವಾರ್ಷಿಕ ಸಭೆಯಲ್ಲಿ ಓದಲಾಗುವುದು.

ಇಂತಿ ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು, ಕಾರ್ಯದರ್ಶಿ ಹಾಗೂ ಆಡಳಿತ ಮಂಡಳಿಯ ಸರ್ವ ಸದಸ್ಯರು