ಬೂರುಗದ ಹೂವು ಬಿದ್ದ ಸದ್ದು

ಪುಣೆ
ಫಾಲ್ಗುಣ ಮಾಸ

ಪ್ರಿಯ ಗೆಳೆಯ,

ಧಾರವಾಡದಿಂದ ಬರೆದ ಪತ್ರದಲ್ಲಿ ನೀನು ವಸಂತವನ್ನು ಸುಕುಮಾರ ಋತುವೆಂದು ಕರೆದಿರುವೆ. ಆ ಮಾತನ್ನು ಒಪ್ಪಲು ಈ ವರ್ಷ ನನ್ನಿಂದಾಗುತ್ತಿಲ್ಲ. ನಿನ್ನೆ ಬೆಳಿಗ್ಗೆ ವೇತಾಳ ಟೇಕಡಿಯಿಂದ ಇಳಿದು ಬರುವಾಗ ಬೆನ್ನ ಹಿಂದೆ ಧೊಪ್ಪೆಂದು ಏನೋ ಬಿದ್ದಿತು. ಯಾರೋ ಕಲ್ಲೆಸೆದರೆಂದು ಬೆಚ್ಚಿ ತಿರುಗಿದರೆ, ಅದು ಬೂರುಗದ ಹೂವು. ಅಂಗೈ ತುಂಬುವಷ್ಟು ದೊಡ್ಡದು, ತೊಗಲಿನಂತೆ ದಪ್ಪನಾದ ಐದು ಎಸಳು, ಎತ್ತಿಕೊಂಡರೆ ಹಸಿ ಮಾಂಸದ ತೂಕ.

ಇಲ್ಲಿಯವರು ಆ ಮರವನ್ನು ಕಾಟೇಸಾವರ, ಅಂದರೆ ಮುಳ್ಳಿನ ಸಾವರ, ಎನ್ನುತ್ತಾರೆ. ಎಳೆಯ ಕಾಂಡದ ತುಂಬ ಗೂಟದಂಥ ಮುಳ್ಳುಗಳಿರುತ್ತವೆ. ಚಳಿಗಾಲದಲ್ಲಿಯೇ ಎಲೆಗಳನ್ನೆಲ್ಲ ಉದುರಿಸಿಕೊಂಡು, ನೆಲದ ಪಸೆ ಆರುತ್ತಿರುವ ಹೊತ್ತಿನಲ್ಲಿ, ಆಹಾರ ತಯಾರಿಸಲು ಒಂದು ಹಸಿರೆಲೆಯೂ ಇಲ್ಲದಿರುವಾಗ, ಅದು ತನ್ನ ಒಡಲಲ್ಲಿ ಕೂಡಿಟ್ಟ ನೀರನ್ನೂ ಪಿಷ್ಟವನ್ನೂ ಹೂವಿಗೆ ಸುರಿಯುತ್ತದೆ. ಎಲೆಯ ಮರೆಯಿಲ್ಲದ ಆ ಕೆಂಪು ದೂರಕ್ಕೆ ಕಾಣುತ್ತದೆ. ಮೈನಾ, ಕಾಗೆ, ಪಿಕಳಾರ, ಸೂರಕ್ಕಿಗಳೆಲ್ಲ ಮಕರಂದಕ್ಕೆ ಮುಗಿಬೀಳುತ್ತವೆ. ಬಟ್ಟಲಿಗೆ ಕೊಕ್ಕು ತೂರಿಸಿದ ಕಾಗೆಯ ಮೋರೆಗೆ ಪರಾಗ ಮೆತ್ತಿದರೆ ಮರದ ಕೆಲಸವಾಯಿತು. ಅಷ್ಟರಲ್ಲಿ ಹರಿದುಹೋಗುವ ಎಸಳುಗಳು ಆ ಖರ್ಚಿನಲ್ಲಿಯೇ ಸೇರಿವೆ.

ನಮ್ಮ ಹಿರಿಯರಿಗೆ ಇದರ ಸುಳಿವು ಇದ್ದಿರಬೇಕು. ತಾವರೆ, ಅಶೋಕ, ಮಾವು, ಮಲ್ಲಿಗೆ, ನೈದಿಲೆಗಳನ್ನು ಮನ್ಮಥನ ಕೈಗೆ ಕೊಟ್ಟವರು ಅವುಗಳನ್ನು ಬಾಣ ಮಾಡಿಯೇ ಕೊಟ್ಟರು. ಇನ್ನೂ ಅರಳದ, ಬಿದಿಗೆಯ ಚಂದ್ರನಂತೆ ಬಾಗಿದ ಮುತ್ತುಗದ ಕೆಂಪು ಮೊಗ್ಗುಗಳು ಹಳೆಯ ಸಂಸ್ಕೃತ ಕಾವ್ಯದಲ್ಲಿ ವನದ ಮೈಮೇಲೆ ವಸಂತ ಮೂಡಿಸಿದ ನಖಕ್ಷತಗಳಂತೆ, ಅಂದರೆ ಪ್ರಣಯದ ಉಗುರಿನ ಗುರುತುಗಳಂತೆ, ಕಂಡಿವೆ. ಶೃಂಗಾರದ ಮಾತೆಂದು ನೀನು ನಗಬಹುದು, ಆದರೆ ಕ್ಷತವೆಂದರೆ ಗಾಯವೇ ಅಲ್ಲವೇ? ನಾವಾದರೂ ಹುಡುಗರಾಗಿದ್ದಾಗ ಓಣಿಯವರ ಕಟ್ಟಿಗೆ, ಕುಳ್ಳು ಕದ್ದು (ನಿಮ್ಮ ಅಜ್ಜಿಯ ಬೈಗುಳ ಇನ್ನೂ ಕಿವಿಯಲ್ಲಿದೆ) ಕಾಮಣ್ಣನನ್ನು ಸುಟ್ಟು, ಮರುದಿನ ಮುತ್ತುಗದ ಹೂ ಕುದಿಸಿದ ಬಣ್ಣವನ್ನು ಮೈಮೇಲೆ ಸುರಿದುಕೊಂಡು ಕುಣಿಯುತ್ತಿದ್ದೆವು. ಅವೆರಡೂ ಒಂದೇ ಹಬ್ಬವಾಗಿದ್ದವು. ಅದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

ಬಿದ್ದ ಹೂವನ್ನು ತಂದು ಮೇಜಿನ ಮೇಲಿಟ್ಟಿದ್ದೇನೆ. ಸಂಜೆಯ ಹೊತ್ತಿಗೆ ಅಂಚು ಕಪ್ಪಾಗಿ, ಬುಡಕ್ಕೆ ಇರುವೆ ಮುತ್ತಿದವು. ಎಸೆಯಿರೆಂದು ಮನೆಯವಳು ಎರಡು ಸಲ ಹೇಳಿದ್ದಾಳೆ. ನಿಮ್ಮ ಹಿತ್ತಲಿನಾಚೆಯ ಮುತ್ತುಗ ಈ ಸಲ ಹೂ ಬಿಟ್ಟಿದೆಯೇ, ಬರೆ.

ನಿನ್ನ ಗೆಳೆಯ