ನೀರು ಹುಯ್ಯೋದನ್ನೂ ಸ್ಕೂಲಲ್ಲಿ ಕಲಿಸ್ತಾರಾ?

ಸೇಂಟ್ ಪಾಲ್, ಮಿನೆಸೋಟಾ
ಫೆಬ್ರವರಿ, ಶನಿವಾರ ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಮಸ್ಕಾರಗಳು. ನಾವಿಲ್ಲಿ ಚೆನ್ನಾಗಿದ್ದೇವೆ. ಅಪ್ಪನ ಮಂಡಿ ನೋವು ಈಗ ಹೇಗಿದೆ? ಇಲ್ಲಿ ಹೊರಗೆಲ್ಲ ಹಿಮ. ಪುಟ್ಟಿ ಊಟ ಮಾಡಿ ಮಲಗಿದ್ದಾಳೆ. ಅವಳು ಏಳುವುದರೊಳಗೆ ಬರೆದು ಮುಗಿಸಬೇಕು ಅಂತ ಕೂತಿದ್ದೇನೆ.

ಹೋದ ಭಾನುವಾರ ಫೋನಿನಲ್ಲಿ ಪುಟ್ಟಿ "ಸ್ಕೂಲಲ್ಲಿ ನೀರು ಹುಯ್ಯೋ ಕೆಲಸ ಮಾಡಿದೆ ಅಜ್ಜಿ" ಅಂದಳು. ನೀನು "ಅಷ್ಟು ದುಡ್ಡು ಕೊಟ್ಟು ಕಳಿಸಿದ್ರೆ ನೀರು ಹುಯ್ಯೋದನ್ನ ಕಲಿಸ್ತಾರಾ?" ಅಂದೆ. ವಾರವೆಲ್ಲ ಅದೇ ಮಾತು ತಲೆಯಲ್ಲಿತ್ತು. ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ. ಮೂವತ್ತು ವರ್ಷಕ್ಕೂ ಹೆಚ್ಚು ಅಂಗನವಾಡಿ ನಡೆಸಿದವಳು ನೀನು. ನಿನಗೆ ಸರಿಯಾಗಿ ಹೇಳಬೇಕು ಅನ್ನಿಸಿತು.

ನಿನ್ನ ಅಂಗನವಾಡಿಯಲ್ಲಿ ಸಹಾಯಕಿ ಮಾಡುತ್ತಿದ್ದ ಕೆಲಸವನ್ನೇ ಈಗ ನಾನಿಲ್ಲಿ ಪುಟ್ಟಿಯ ಮಾಂಟೆಸ್ಸರಿ ಶಾಲೆಯಲ್ಲಿ ಮಾಡುತ್ತಿದ್ದೇನೆ. ಟೀಚರ್ ಒಬ್ಬರು, ನಾನೊಬ್ಬಳು, 24 ಮಕ್ಕಳು. ಪುಟ್ಟಿ ಪಕ್ಕದ ಕೋಣೆಯಲ್ಲಿದ್ದಾಳೆ. ಅಮ್ಮ ಇರುವ ಕೋಣೆಯಲ್ಲಿ ಮಗು ಬೇಡ ಅಂತ ಹಾಗೆ ಮಾಡಿದ್ದಾರೆ.

ಮೊದಲು ನೀರು ಹುಯ್ಯುವ ವಿಷಯವನ್ನೇ ಹೇಳುತ್ತೇನೆ. ಒಂದು ತಟ್ಟೆಯಲ್ಲಿ ಎರಡು ಪುಟ್ಟ ಹೂಜಿ ಇಟ್ಟಿರುತ್ತಾರೆ. ಶುರುವಿನಲ್ಲಿ ನೀರಲ್ಲ, ಕಾಳು. ಕಾಳು ಕೈಗೆ ಹತ್ತಿದ ಮೇಲೆ ನೀರು. ಹೂಜಿ ಗಾಜಿನದು ಇಲ್ಲವೇ ಪಿಂಗಾಣಿಯದು. ಬಿದ್ದರೆ ಒಡೆಯುತ್ತದೆ ಅಂತ ಗೊತ್ತಾದಾಗ ಮೂರು ವರ್ಷದ ಮಗುವೂ ಎರಡು ಕೈಯಲ್ಲಿ ಜೋಪಾನವಾಗಿ ಹಿಡಿದು ನಡೆಯುತ್ತದೆ. ಟೀಚರ್ ಒಂದು ಸಲ ನಿಧಾನವಾಗಿ ಹುಯ್ದು ತೋರಿಸುತ್ತಾರೆ. ಆಗ ಮಾತೇ ಆಡುವುದಿಲ್ಲ. ಮಾತಾಡಿದರೆ ಮಗು ಮುಖ ನೋಡುತ್ತದೆ, ಕೈ ನೋಡುವುದಿಲ್ಲ. ಎಡಗಡೆಯ ಹೂಜಿಯಿಂದ ಬಲಗಡೆಯದಕ್ಕೆ ಹುಯ್ಯಬೇಕು. ಮುಂದೆ ಓದುವಾಗ ಕಣ್ಣು ಹೋಗುವುದೂ ಹಾಗೇ ಅಲ್ವಾ? ಪಕ್ಕದಲ್ಲಿ ಒಂದು ಚಿಕ್ಕ ಸ್ಪಂಜು. ಹನಿ ಬಿದ್ದರೆ ಮಗುವೇ ಒರೆಸುತ್ತದೆ. ಚೆಲ್ಲಿದ್ದು ಅದರ ಕಣ್ಣಿಗೇ ಕಾಣುತ್ತದೆ. ಯಾರೂ ತಪ್ಪು ಅನ್ನಬೇಕಾಗಿಲ್ಲ.

ಸೆಪ್ಟೆಂಬರಿನಲ್ಲಿ, ನಾನು ಸೇರಿದ ಹೊಸತರಲ್ಲಿ, ಒಬ್ಬ ಚಿಕ್ಕ ಹುಡುಗ ಕಾಳು ಚೆಲ್ಲಿದ. ನೆಲದ ತುಂಬಾ ಕಾಳು. ನಾನು ಓಡಿಹೋಗಿ ಮಂಡಿಯೂರಿ ಎಲ್ಲ ಬಾಚಿ ಹೂಜಿಗೆ ತುಂಬಿಕೊಟ್ಟೆ. ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ತಟ್ಟೆ ಅಲ್ಲೇ ಬಿಟ್ಟು ಎದ್ದುಹೋದ. ಮುಂದೆ ಎಷ್ಟೋ ದಿನ ಅದರ ಹತ್ತಿರ ಸುಳಿಯಲಿಲ್ಲ. ಸಂಜೆ ಟೀಚರ್ ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು. ಆ ಕಾಳು ಆಯುವುದೂ ಅವನ ಕೆಲಸವೇ ಆಗಿತ್ತು, ಅದನ್ನು ನೀವು ತೆಗೆದುಕೊಂಡುಬಿಟ್ಟಿರಿ ಅಂತ. ನನಗೆ ಅಳು ಬಂತು ಅಮ್ಮ. ಮನೆಯಲ್ಲಿ ಪುಟ್ಟಿಗೆ ನಾನು ದಿನಾ ಮಾಡುತ್ತಿದ್ದುದು ಅದನ್ನೇ. ಅವಳು ಲೋಟ ಎತ್ತಿದರೆ ಸಾಕು, "ಬಿಡು ಕಂದ, ನಾನು ಹುಯ್ತೀನಿ" ಅಂತ ಕಿತ್ತುಕೊಳ್ಳುತ್ತಿದ್ದೆ. ಈಗ ಯಾರು ಚೆಲ್ಲಿದರೂ ಕೈಕಟ್ಟಿ ನಿಲ್ಲುತ್ತೇನೆ. ಪುಟ್ಟ ಪೊರಕೆ ಎಲ್ಲಿದೆ ಅಂತ ಮಕ್ಕಳಿಗೆ ಗೊತ್ತು. ಇಷ್ಟು ಕಷ್ಟದ ಕೆಲಸ ನಾನು ಹಿಂದೆಂದೂ ಮಾಡಿರಲಿಲ್ಲ.

ಟೈಮ್ ಟೇಬಲ್ ಹೇಗಿರುತ್ತದೆ ಅಂತಲೂ ನೀನು ಕೇಳಿದ್ದೆ. ಸೋಮವಾರ ಇಂಗ್ಲಿಷ್, ಮಂಗಳವಾರ ಲೆಕ್ಕ ಅಂತ ಇಲ್ಲಿಲ್ಲ. ಎಂಟೂವರೆಯಿಂದ ಹನ್ನೊಂದೂವರೆವರೆಗೆ ಯಾವ ಬೆಲ್ಲೂ ಹೊಡೆಯುವುದಿಲ್ಲ. ಮಗು ಕಪಾಟಿನಿಂದ ತನಗೆ ಬೇಕಾದ್ದನ್ನು ತರುತ್ತದೆ, ಚಾಪೆ ಹಾಸಿಕೊಂಡು ಮಾಡುತ್ತದೆ, ಮುಗಿದ ಮೇಲೆ ಮೊದಲಿದ್ದ ಜಾಗದಲ್ಲೇ ಇಡುತ್ತದೆ. ಗುಲಾಬಿ ಬಣ್ಣದ ಹತ್ತು ಮರದ ಘನಗಳಿವೆ. ಚಿಕ್ಕದು 1 ಸೆಂಟಿಮೀಟರ್, ದೊಡ್ಡದು 10 ಸೆಂಟಿಮೀಟರ್. ಅವನ್ನು ಒಂದರ ಮೇಲೊಂದು ಪೇರಿಸಿ ಗೋಪುರ ಮಾಡುವುದೆಂದರೆ ಚಿಕ್ಕವರಿಗೆ ಪ್ರಾಣ. ಆದರೆ ಕೋಣೆಗೆ ಅಂಥ ಗೋಪುರ ಒಂದೇ. ಇನ್ನೊಬ್ಬರ ಹತ್ತಿರ ಇದ್ದರೆ ಕಾಯಬೇಕು. ಕಾಯಲು ಕಲಿಯಲಿ ಅಂತಲೇ ಒಂದು ಇಟ್ಟಿದ್ದಾರೆ.

ಯಾರಿಗೆ ಹೊಸದಾಗಿ ಏನು ತೋರಿಸಬೇಕು ಅಂತ ಟೀಚರ್ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. 24 ಮಕ್ಕಳಿಗೆ 24 ಬೇರೆ ಬೇರೆ ವಾರ. ಎಲ್ಲರೂ ಸೇರುವ ಕೆಲಸ ಸ್ವಲ್ಪವೇ. ಸೋಮವಾರ ಅಂಗಡಿಯಿಂದ ಹೂ ಬರುತ್ತದೆ. ಮಕ್ಕಳು ದಂಟು ಕತ್ತರಿಸಿ, ಪುಟ್ಟ ಹೂದಾನಿಗಳಿಗೆ ನೀರು ತುಂಬಿ, ಮೇಜಿಗೊಂದರಂತೆ ಇಡುತ್ತಾರೆ. ನೋಡು, ಅಲ್ಲಿ ಮತ್ತೆ ನೀರು ಹುಯ್ಯುವ ಕೆಲಸ ಬಂತು! ಗುರುವಾರ ಬ್ರೆಡ್ಡಿಗೆ ಹಿಟ್ಟು ನಾದುತ್ತಾರೆ. ಶುಕ್ರವಾರ ಮೇಜು ತೊಳೆಯುತ್ತಾರೆ, ಬಟ್ಟೆ ಒಗೆದು ಹಿಂಡಿ ಒಣಗಿಸುತ್ತಾರೆ.

ಊಟವಾದ ಮೇಲೆ ಚಿಕ್ಕವರು ಮಲಗುತ್ತಾರೆ. ಐದು ತುಂಬಿದವರು ಮಲಗುವುದಿಲ್ಲ. ಇಲ್ಲಿ ಅವರನ್ನು ಕಿಂಡರ್‌ಗಾರ್ಟನ್ ಮಕ್ಕಳು ಅನ್ನುತ್ತಾರೆ. ಅದೇ ಕೋಣೆಯಲ್ಲಿ ಅದು ಅವರ ಮೂರನೇ ವರ್ಷ. ಈ ಮಂಗಳವಾರ ಅವರು ಮಾಡಿದ ಲೆಕ್ಕವನ್ನು ನೀನು ನೋಡಬೇಕಿತ್ತು ಅಮ್ಮ. ಚಿನ್ನದ ಬಣ್ಣದ ಮಣಿಗಳಿವೆ. ಒಂದು ಬಿಡಿ ಮಣಿ ಅಂದರೆ ಒಂದು. ಹತ್ತು ಮಣಿ ತಂತಿಗೆ ಪೋಣಿಸಿದರೆ ಒಂದು ಕಡ್ಡಿ. ಹತ್ತು ಕಡ್ಡಿ ಸೇರಿದರೆ ನೂರರ ಚೌಕ. ಹತ್ತು ಚೌಕ ಪೇರಿಸಿದರೆ ಸಾವಿರದ ಘನ. ಸಾವಿರವನ್ನು ಒಂದು ಕೈಯಲ್ಲಿ ಆರಾಮಾಗಿ ಹಿಡಿಯಲು ಮಕ್ಕಳಿಗೆ ಆಗುವುದಿಲ್ಲ, ಅಷ್ಟು ಭಾರ. ಒಂದಕ್ಕೂ ಸಾವಿರಕ್ಕೂ ಎಷ್ಟು ವ್ಯತ್ಯಾಸ ಅಂತ ತೋಳಿಗೇ ಗೊತ್ತಾಗುತ್ತದೆ.

ಮೂವರು ಸೇರಿ 2,354ಕ್ಕೆ 1,278 ಕೂಡಿಸಿದರು. ಎಲ್ಲವನ್ನೂ ಚಾಪೆಯ ಮೇಲೆ ಸುರಿದು ಒಟ್ಟು ಮಾಡಿದಾಗ 12 ಬಿಡಿ ಮಣಿ ಬಂತು. ಒಬ್ಬಳು ಹತ್ತನ್ನು ಎಣಿಸಿ ತಟ್ಟೆಯಲ್ಲಿಟ್ಟುಕೊಂಡು, ಮಣಿಗಳ ಬ್ಯಾಂಕ್ ನೋಡಿಕೊಳ್ಳುವ ಹುಡುಗನಿಗೆ ಕೊಟ್ಟು, ಬದಲಿಗೆ ಒಂದು ಕಡ್ಡಿ ತಂದಳು. ನಾನು ಅಲ್ಲೇ ನಿಂತುಬಿಟ್ಟೆ. "ಎರಡು ಬರಿ, ದಶಕ ಒಂದು" ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೆವಲ್ಲ, ಆ ದಶಕವನ್ನು ಮೊದಲ ಸಲ ಕಣ್ಣಾರೆ ನೋಡಿದೆ. ಕೊನೆಗೆ 3,632 ಬಂತು. ಮೂವರೂ ಕುಣಿದರು. ನೀನು ಹುಣಸೆಬೀಜವನ್ನು ಹತ್ತತ್ತರ ಗುಡ್ಡೆ ಮಾಡಿಸುತ್ತಿದ್ದೆಯಲ್ಲ, ಆ ಗುಡ್ಡೆಗಳಿಗೆ ತಂತಿ ಪೋಣಿಸಿದರೆ ಇದೇ ಮಣಿ.

ಬುಧವಾರದ್ದು ಸಣ್ಣ ವಿಷಯ. ಪ್ರಪಂಚದ ಭೂಪಟದಲ್ಲಿ ಒಂದೊಂದು ಖಂಡವನ್ನೂ ಗುಂಡಿ ಹಿಡಿದು ಎತ್ತಬಹುದು, ಒಂದೊಂದಕ್ಕೂ ಒಂದೊಂದು ಬಣ್ಣ. ಏಷ್ಯಾ ಹಳದಿ, ಉತ್ತರ ಅಮೆರಿಕ ಕಿತ್ತಳೆ. ಪುಟ್ಟಿ ಮನೆಗೆ ಬಂದವಳೇ "ಅಜ್ಜಿ ಹಳದಿಯಲ್ಲಿ ಇದ್ದಾಳೆ, ನಾವು ಕಿತ್ತಳೆಯಲ್ಲಿ" ಅಂದಳು.

ಈ ಚಳಿಯಲ್ಲಿ ಆಟಕ್ಕೆ ಹೊರಗೆ ಹೋಗಬೇಕಾದರೆ ಕೋಟು, ಕೈಗವಸು, ಬೂಟು ಎಲ್ಲ ಹಾಕಬೇಕು. 24 ಮಕ್ಕಳಿಗೆ ನಾವಿಬ್ಬರು ಹಾಕುತ್ತಾ ಕೂತರೆ ಆಟದ ಹೊತ್ತೇ ಮುಗಿಯುತ್ತದೆ. ದೊಡ್ಡ ಮಕ್ಕಳು ಚಿಕ್ಕವರಿಗೆ ಒಂದು ಉಪಾಯ ಹೇಳಿಕೊಡುತ್ತಾರೆ. ಕೋಟನ್ನು ನೆಲದ ಮೇಲೆ ಹಾಸಬೇಕು, ಕತ್ತಿನ ಪಟ್ಟಿ ಕಾಲ ಬಳಿ ಇರಬೇಕು. ಬಗ್ಗಿ ಎರಡೂ ತೋಳಿಗೆ ಕೈ ತೂರಿಸಿ, ತಲೆಯ ಮೇಲಿಂದ ಹಿಂದಕ್ಕೆ ಬೀಸಿದರೆ ಕೋಟು ಮೈಮೇಲಿರುತ್ತದೆ. ನಾನು ತೋರಿಸಿದಾಗ ಬಾರದ ಮಗುವಿಗೆ ಐದು ವರ್ಷದ ಅಕ್ಕ ತೋರಿಸಿದಾಗ ಬಂತು.

ಇದನ್ನು ನೋಡಿದ ದಿನ ನಿನ್ನ ನೆನಪು ಜಾಸ್ತಿ ಆಯಿತು. ನಿನ್ನ ಅಂಗನವಾಡಿಯಲ್ಲೂ ಮೂರರಿಂದ ಆರು ವರ್ಷದವರೆಲ್ಲ ಒಂದೇ ಕೋಣೆ. "ಕಾನ್ವೆಂಟಿನಲ್ಲಿ ಎಲ್‌ಕೆಜಿ, ಯುಕೆಜಿ ಅಂತ ಬೇರೆ ಬೇರೆ ಇರುತ್ತೆ, ನಮ್ಮದು ಒಂದೇ ಮಂದೆ" ಅಂತ ನೀನು ಕೊರಗುತ್ತಿದ್ದೆ. ಅಮ್ಮ, ಇಲ್ಲಿ ಬೇಕು ಅಂತಲೇ ಹಾಗೆ ಕೂರಿಸುತ್ತಾರೆ. ಚಿಕ್ಕವರು ನೋಡಿ ಕಲಿಯಲಿ, ದೊಡ್ಡವರು ಕಲಿಸಿ ಗಟ್ಟಿ ಮಾಡಿಕೊಳ್ಳಲಿ ಅಂತ. ನೀನು ಕೊರತೆ ಅಂದುಕೊಂಡಿದ್ದನ್ನು ಇವರು ಪದ್ಧತಿ ಅನ್ನುತ್ತಾರೆ. ಇದನ್ನು ನಿನಗೆ ಹೇಳಲೇಬೇಕು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ಈ ಪದ್ಧತಿ ಹುಟ್ಟುಹಾಕಿದ ಮರಿಯಾ ಮಾಂಟೆಸ್ಸರಿ 'ಮಕ್ಕಳ ಮನೆ' ಅನ್ನುವ ತಮ್ಮ ಮೊದಲ ಶಾಲೆ ತೆರೆದದ್ದು ಸಾಹುಕಾರರ ಮಕ್ಕಳಿಗಲ್ಲ. 1907ರ ಜನವರಿ 6ರಂದು, ರೋಮ್ ನಗರದ ಸಾನ್ ಲೊರೆಂಜೊ ಅನ್ನುವ ಬಡವರ ಬಡಾವಣೆಯಲ್ಲಿ. ಅಪ್ಪ ಅಮ್ಮ ಕೂಲಿಗೆ ಹೋದರೆ ಮಕ್ಕಳು ಕಟ್ಟಡದ ಗೋಡೆ, ಮೆಟ್ಟಿಲು ಕೆಡಿಸುತ್ತಿದ್ದವಂತೆ. ಅವರನ್ನು ನೋಡಿಕೊಳ್ಳಲಿ ಅಂತ ಕಟ್ಟಡದವರೇ ಒಂದು ಕೋಣೆ ಕೊಟ್ಟರು. ನಮ್ಮ ಟಿ. ನರಸೀಪುರದಲ್ಲಿ 1975ರ ಅಕ್ಟೋಬರ್ 2ರಂದು ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದದ್ದೂ ಅಂಥ ಮಕ್ಕಳಿಗೇ ಅಲ್ವಾ? ಈಗ ಈ ಪದ್ಧತಿ ಬಹಳ ಕಡೆ ದುಡ್ಡಿದ್ದವರ ಪಾಲಾಗಿರುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಈ ದೇಶದಲ್ಲಿ ಫೀಸಿಲ್ಲದ ಸರ್ಕಾರಿ ಮಾಂಟೆಸ್ಸರಿ ಶಾಲೆಗಳೂ ಇವೆ. ನಮ್ಮದು ಖಾಸಗಿ. ನಾನು ಇಲ್ಲಿ ಕೆಲಸ ಮಾಡುವುದರಿಂದ ಪುಟ್ಟಿಗೆ ಫೀಸು ಕಡಿಮೆ ಮಾಡಿದ್ದಾರೆ, ಇಲ್ಲದಿದ್ದರೆ ನಮ್ಮ ಕೈಲಿ ಆಗುತ್ತಿರಲಿಲ್ಲ.

ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದರಂತೆ. ಯುದ್ಧ ಶುರುವಾಗಿ, ಇಟಲಿಯವರು ಅನ್ನುವ ಕಾರಣಕ್ಕೆ ಊರಿಗೆ ಹೋಗಲಾಗದೆ 1946ರವರೆಗೂ ನಮ್ಮ ದೇಶದಲ್ಲೇ ಉಳಿದರು. ಅದರಲ್ಲಿ ಎರಡು ವರ್ಷ ಕೊಡೈಕೆನಾಲಿನಲ್ಲಿ. ನಾವು ಹೈಸ್ಕೂಲ್ ಟೂರಿಗೆ ಹೋಗಿ ಕೆರೆಯ ಸುತ್ತ ಸೈಕಲ್ ಹೊಡೆದು ಬಂದೆವು. ಯಾರೂ ಆಕೆಯ ವಿಷಯ ಹೇಳಿರಲಿಲ್ಲ.

ನಿನ್ನೆಯ ಮೌನದ ಆಟವನ್ನು ಹೇಳದೆ ಇರಲಾರೆ. ಎಲ್ಲರೂ ಕಣ್ಣು ಮುಚ್ಚಿ ಅಲುಗದೆ ಕೂರುತ್ತಾರೆ. ಟೀಚರ್ ಬಾಗಿಲ ಆಚೆ ನಿಂತು ಒಬ್ಬೊಬ್ಬರ ಹೆಸರನ್ನೂ ಪಿಸುಗುಟ್ಟುತ್ತಾರೆ. ಹೆಸರು ಕೇಳಿದವರು ಸದ್ದಿಲ್ಲದೆ ಎದ್ದು ಹೋಗಬೇಕು. ಮೊದಲ ಸಲ ಮಾಂಟೆಸ್ಸರಿ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ತರಗತಿಗೆ ಬಂದು, ಇದರ ಹಾಗೆ ಸುಮ್ಮನಿರಲು ನಿಮಗೆ ಆಗುತ್ತದಾ ಅಂತ ಮಕ್ಕಳನ್ನು ಕೇಳಿದ್ದರಂತೆ. ಅಲ್ಲಿಂದ ಹುಟ್ಟಿದ ಆಟ ಇದು. ನಿನ್ನೆ ಕೊನೆಗೆ ಉಳಿದವನು ಅದೇ ಕಾಳು ಚೆಲ್ಲಿದ ಹುಡುಗ. 23 ಹೆಸರು ಆಗುವವರೆಗೂ ಕಣ್ಣು ಮುಚ್ಚಿ ಕಾದ. ಕರೆದಾಗ ತುದಿಗಾಲಿನಲ್ಲಿ ಹೋದ. ಮುಖ ಅರಳಿತ್ತು.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಇಲ್ಲಿ ಅಕ್ಷರಗಳನ್ನು ಮರಳು ಕಾಗದದಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿರುತ್ತಾರೆ. ಬಡಗಿಗಳು ಮರ ಉಜ್ಜುವ ಕಾಗದವೇ. ಸ್ವರಗಳ ಹಲಗೆ ನೀಲಿ, ವ್ಯಂಜನಗಳದು ಗುಲಾಬಿ. ಮಗು ಎರಡು ಬೆರಳಿನಲ್ಲಿ ತಿದ್ದುತ್ತಾ ಸದ್ದು ಹೇಳುತ್ತದೆ. 'ಬಿ' ಅನ್ನುವುದಿಲ್ಲ, 'ಬ್' ಅನ್ನುತ್ತದೆ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರೇ ಬೇರೆ, ಸದ್ದೇ ಬೇರೆ. ನಮಗೆ ಆ ತಾಪತ್ರಯವಿಲ್ಲ, ಕ ಅಂದರೆ ಕ. ನೀನು ಹೊಳೆಯ ಮರಳು ತಂದು, ಜರಡಿ ಹಿಡಿದು, ತಟ್ಟೆಯಲ್ಲಿ ಹರಡಿ ನಮ್ಮ ಬೆರಳು ಹಿಡಿದು ತಿದ್ದಿಸುತ್ತಿದ್ದೆ. ನನಗೆ ಆ ಮರಳಿನ ತಂಪು ಇನ್ನೂ ನೆನಪಿದೆ.

ಪುಟ್ಟಿಗೆ ಕನ್ನಡದ ಮರಳು ಅಕ್ಷರ ಮಾಡಬೇಕು ಅಂತ ಕಾಗದ, ರಟ್ಟು ಎಲ್ಲ ತಂದಿಟ್ಟಿದ್ದೇನೆ. ಆದರೆ ನನ್ನ ಕೈಬರಹ ಗುಂಡಾಗಿಲ್ಲ. ನೀನು ಒಂದು ಹಾಳೆಗೆ ಒಂದೇ ಅಕ್ಷರದಂತೆ, ಅಂಗೈ ಅಗಲಕ್ಕೆ, ದಪ್ಪ ಪೆನ್ನಿನಲ್ಲಿ ಬರೆದು ಕಳಿಸು. ಬೆರಳು ಎಲ್ಲಿಂದ ಶುರುವಾಗಬೇಕು ಅಂತ ಒಂದು ಚುಕ್ಕೆ ಇಡು. ಅ ಅಕ್ಷರಕ್ಕೆ ನೀನು ಒಳಗಿನ ಸುಳಿಯಿಂದ ಶುರು ಮಾಡಿಸುತ್ತಿದ್ದೆಯೋ ಹೊರಗಿನಿಂದಲೋ, ನನಗೆ ಮರೆತೇಹೋಗಿದೆ. ಕಾಗುಣಿತಕ್ಕೆ ಏನು ಮಾಡಲಿ ಅಂತಲೂ ಯೋಚಿಸಿ ಹೇಳು. ಕೊಂಬು, ಏತ್ವ, ಒತ್ತಕ್ಷರ ಎಲ್ಲಕ್ಕೂ ಬೇರೆ ಬೇರೆ ಹಲಗೆ ಬೇಕಾ? ಇಲ್ಲ, ಕ ಒಂದರದ್ದೇ ಮಾಡಿದರೆ ಸಾಕಾ? ಇಲ್ಲಿ ಕೇಳಲು ಯಾರೂ ಇಲ್ಲ. ನಿನಗೇ ಗೊತ್ತಿರುವುದು.

ಅ ಇಂದ ಅಃ ವರೆಗೆ ಮೊದಲು ಕಳಿಸು. ಉಳಿದದ್ದು ನಿಧಾನವಾಗಿ ಬರಲಿ. ಪುಟ್ಟಿ ಎದ್ದಳು, ಮಜ್ಜಿಗೆ ಕೇಳುತ್ತಿದ್ದಾಳೆ. ತಾನೇ ಹುಯ್ದುಕೊಳ್ಳುತ್ತಾಳಂತೆ.

ಇಂತಿ,
ನಿನ್ನ ಮಗಳು