ಕ್ಯಾರವಾನ್ ನಿಲ್ಲುವಲ್ಲಿ ವಿದ್ಯುತ್ ಮಿತಿಯ ಫಲಕ ಇರಲಿ

ಮಾನ್ಯ ಸಂಪಾದಕರೇ,

ಕೊಡಗಿನ ತೋಟಗಳ ಹೋಂಸ್ಟೇಗಳಿಗೆ, ಮಲಗುವ, ಅಡುಗೆ ಮಾಡುವ ಸೌಲಭ್ಯವಿರುವ ವಾಹನವಾದ ಕ್ಯಾರವಾನ್‌ನಲ್ಲಿ ಬರುವ ಪ್ರವಾಸಿಗರು ಈಚೆಗೆ ಕಾಣಸಿಗುತ್ತಿದ್ದಾರೆ. ಮನೆಯ ಪಕ್ಕದ ಸಮತಟ್ಟು ಜಾಗವನ್ನು ತೋರಿಸಿ, ಗೋದಾಮಿನ ಗೋಡೆಯ ಸಾಕೆಟ್‌ನಿಂದ ಒಂದು ವೈರ್ ಎಳೆದುಕೊಟ್ಟರೆ ವ್ಯವಸ್ಥೆ ಮುಗಿಯಿತೆಂದು ಹೋಂಸ್ಟೇ ನಡೆಸುವ ನಮ್ಮಲ್ಲಿ ಹಲವರು ಭಾವಿಸಿದ್ದೇವೆ. ಆ ಸಾಕೆಟ್ ಎಷ್ಟು ಲೋಡ್ ತಾಳುತ್ತದೆ ಎಂಬುದನ್ನು ಬಂದವರೂ ಕೇಳುವುದಿಲ್ಲ, ಕೊಟ್ಟವರೂ ಹೇಳುವುದಿಲ್ಲ.

ಲೆಕ್ಕವೇನೂ ಕಷ್ಟದ್ದಲ್ಲ. 230 ವೋಲ್ಟ್ ಪೂರೈಕೆಯಲ್ಲಿ 16 ಆಂಪಿಯರ್ ಸಾಕೆಟ್ ಕೊಡಬಲ್ಲದ್ದು 3,680 ವಾಟ್. 6 ಆಂಪಿಯರ್‌ನ ಸಣ್ಣ ಸಾಕೆಟ್ ಕೊಡಬಲ್ಲದ್ದು 1,380 ವಾಟ್ ಮಾತ್ರ. ದೀಪ, ಫ್ಯಾನ್, ಮೊಬೈಲ್ ಚಾರ್ಜರ್‌ಗಳಿಂದ ಇದಕ್ಕೆ ತೊಂದರೆಯಿಲ್ಲ. ಭಾರವೆಲ್ಲ ಬಿಸಿ ಮಾಡುವ ಉಪಕರಣಗಳದ್ದು. 2,000 ವಾಟ್‌ನ ಗೀಸರ್ ಕಾಯುತ್ತಿರುವಾಗಲೇ ಅಷ್ಟೇ ವಾಟ್‌ನ ಇಂಡಕ್ಷನ್ ಒಲೆಯನ್ನೂ ಹಚ್ಚಿದರೆ, ಒಳಗಿನ ಫ್ರಿಜ್ ಮತ್ತು ಬ್ಯಾಟರಿ ಚಾರ್ಜರ್ ಸೇರಿ ಸುಮಾರು 19 ಆಂಪಿಯರ್ ಆಗುತ್ತದೆ. ಮಿತಿ ಮೀರಿದರೆ ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ಪೂರೈಕೆ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದಲ್ಲ ಎಂಬ ಧೈರ್ಯ ಇಲ್ಲಿ ಪೂರ್ತಿ ಸಲ್ಲದು. ಎಂಸಿಬಿ 16 ಆಂಪಿಯರ್ ದಾಟಿದೊಡನೆ ಬೀಳುವಂಥದ್ದಲ್ಲ, ಅದರ 1.45 ಪಟ್ಟು, ಅಂದರೆ 23 ಆಂಪಿಯರ್ ಹರಿದಾಗಲೂ ಬೀಳಲು ಒಂದು ಗಂಟೆಯವರೆಗೆ ಹಿಡಿಯಬಹುದು. ಅಷ್ಟು ಹೊತ್ತು ಬಿಸಿಯಾಗುತ್ತಲೇ ಇರುವುದು ಪ್ಲಗ್ ಮತ್ತು ವೈರ್. ನಮ್ಮಲ್ಲಿ ಹೀಗೆ ಕಾದ ಒಂದು ಪ್ಲಗ್‌ನ ಪಿನ್ ಕಪ್ಪಾಗಿ, ಸಾಕೆಟ್‌ನ ಬಿಳಿ ಪ್ಲಾಸ್ಟಿಕ್ ತೂತಿನ ಸುತ್ತ ಕಂದುಬಣ್ಣಕ್ಕೆ ತಿರುಗಿ ಉಬ್ಬಿತ್ತು; ಎಂಸಿಬಿ ಮಾತ್ರ ಬಿದ್ದಿರಲಿಲ್ಲ.

ಇದಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು, ಪದೇ ಪದೇ ಕರೆಂಟ್ ಹೋಗುತ್ತದೆಂದು ಅತಿಥಿಗಳು ದೂರಿದಾಗ 16ರ ಎಂಸಿಬಿ ತೆಗೆದು 32ರದ್ದನ್ನು ಹಾಕಿಸುವ ರೂಢಿ. ಗೋಡೆಯೊಳಗಿನ ವೈರ್ ಹಳೆಯದೇ ಆಗಿರುವಾಗ ಎಂಸಿಬಿಯನ್ನಷ್ಟೇ ದೊಡ್ಡದು ಮಾಡುವುದೆಂದರೆ ಕಾವಲನ್ನು ತೆಗೆದುಹಾಕಿದಂತೆಯೇ ಸರಿ. ದಯವಿಟ್ಟು ಯಾರೂ ಹಾಗೆ ಮಾಡಬಾರದು.

ನಮ್ಮ ಜಿಲ್ಲೆಯ ವಿಶೇಷ ಕಷ್ಟವೊಂದಿದೆ. ಕಾಫಿ ಕೊಯ್ಲೂ ಪ್ರವಾಸಿಗರ ದಟ್ಟಣೆಯೂ ಡಿಸೆಂಬರ್, ಜನವರಿಯಲ್ಲಿ ಒಟ್ಟಿಗೇ ಬರುತ್ತವೆ. ಅಂದು ಕೊಯ್ದ ಹಣ್ಣನ್ನು ತಡಮಾಡದೆ ಪಲ್ಪಿಂಗ್ (ಸಿಪ್ಪೆ ಬಿಡಿಸುವ ಕೆಲಸ) ಮಾಡಬೇಕಾದ್ದರಿಂದ ಸಂಜೆ ಪಲ್ಪರ್ ಮೋಟರ್ ಓಡುತ್ತಿರುತ್ತದೆ; ಕ್ಯಾರವಾನ್‌ನಲ್ಲಿ ಗೀಸರ್ ಹಾಕುವುದೂ ಆ ಚಳಿಯ ಹೊತ್ತಿನಲ್ಲೇ. ಕಾಫಿ ಹೂ ಅರಳಿಸುವ ಹೂಮಳೆ ತಡವಾದ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಪಂಪ್‌ಸೆಟ್‌ಗಳ ಸರದಿ. 10 ಎಚ್‌ಪಿಯ ಒಂದೇ ಪಂಪ್ ಏಳೂವರೆ ಕಿಲೋವಾಟ್‌ನಷ್ಟಾಗುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ ದೂರವಿರುವ ತೋಟಕ್ಕೆ ಆಗ ವೋಲ್ಟೇಜ್ ಇಳಿಯುತ್ತದೆ. 190 ವೋಲ್ಟ್‌ಗೆ ಇಳಿದರೆ ಗೀಸರ್ ತನ್ನ ಶಕ್ತಿಯ ಮೂರನೆಯ ಒಂದು ಪಾಲನ್ನು ಕಳೆದುಕೊಂಡು ನೀರು ಕಾಯಿಸಲು ಒಂದೂವರೆ ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ. ಎಸಿಯ ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಇದರ ಮೇಲೆ ನಾವು 1.5 ಚದರ ಮಿಲಿಮೀಟರ್‌ನ ತಾಮ್ರದ ವೈರನ್ನು ನೂರು ಮೀಟರ್ ಎಳೆದಿದ್ದರೆ, 10 ಆಂಪಿಯರ್‌ಗೇ ಇನ್ನೂ 24 ವೋಲ್ಟ್ ದಾರಿಯಲ್ಲಿ ನಷ್ಟವಾಗುತ್ತದೆ. ಉದ್ದದ ವೈರನ್ನು ಸುರುಳಿಯಲ್ಲೇ ಬಿಟ್ಟು ಬಳಸಿದರೆ ಅದರ ಬಿಸಿ ಹೊರಹೋಗದೆ ಇನ್ಸುಲೇಷನ್ ಕರಗಬಹುದು. ಪೂರ್ತಿ ಬಿಚ್ಚಿಯೇ ಬಳಸಬೇಕು.

ಮಳೆಗಾಲದ ಅಪಾಯ ಬೇರೆಯದು. ಕ್ಯಾರವಾನ್‌ನ ಮೈ ಲೋಹದ್ದು, ಚಕ್ರ ರಬ್ಬರಿನದು. ಅರ್ಥಿಂಗ್ ಸರಿಯಿಲ್ಲದ ಕಡೆ ಒಳಗೆಲ್ಲೋ ಕರೆಂಟ್ ಸೋರಿದರೆ, ಒದ್ದೆ ನೆಲದಲ್ಲಿ ನಿಂತು ಬಾಗಿಲು ಮುಟ್ಟಿದವರ ಮೂಲಕವೇ ಅದು ಭೂಮಿಗೆ ಇಳಿಯುತ್ತದೆ. ಅದನ್ನು ತಡೆಯುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯೇ (ಕರೆಂಟ್ ಸೋರಿದೊಡನೆ ಪೂರೈಕೆ ಕಡಿಯುವ ಸ್ವಿಚ್) ಹೊರತು ಎಂಸಿಬಿ ಅಲ್ಲ.

ಹೋಂಸ್ಟೇಗಳ ನೋಂದಣಿ ನೋಡಿಕೊಳ್ಳುವ ಪ್ರವಾಸೋದ್ಯಮ ಇಲಾಖೆ ಮತ್ತು ವಿದ್ಯುತ್ ಪೂರೈಸುವ ಸೆಸ್ಕ್ ಕಂಪನಿಯ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಕ್ಯಾರವಾನ್ ನಿಲ್ಲಿಸಿಕೊಳ್ಳುವ ಪ್ರತಿ ಸ್ಥಳದಲ್ಲೂ ಒಂದೊಂದು ವಾಹನಕ್ಕೆ ಪ್ರತ್ಯೇಕ ಎಂಸಿಬಿ, ಪ್ರತ್ಯೇಕ ಆರ್‌ಸಿಸಿಬಿ ಮತ್ತು ಪರೀಕ್ಷಿಸಿದ ಅರ್ಥಿಂಗ್ ಕಡ್ಡಾಯವಾಗಲಿ, ಸಾಕೆಟ್‌ನ ಪಕ್ಕದಲ್ಲಿ ಅದರ ಮಿತಿಯನ್ನು ಆಂಪಿಯರ್ ಮತ್ತು ವಾಟ್ ಎರಡರಲ್ಲೂ ಕನ್ನಡದಲ್ಲಿ, ಹೊರರಾಜ್ಯದವರಿಗಾಗಿ ಇಂಗ್ಲಿಷ್‌ನಲ್ಲಿ ಬರೆದ ಫಲಕವಿರಲಿ. ಇದಕ್ಕೆ ತಗಲುವ ವೆಚ್ಚ ಸಣ್ಣದು. ಪ್ರವಾಸಿಗರು ಅಡುಗೆಗೆ ಗ್ಯಾಸ್ ಬಳಸಿ, ಗೀಸರ್ ಆರಿಸಿದ ಮೇಲೆಯೇ ಕೆಟಲ್ ಹಾಕಿದರೆ 16 ಆಂಪಿಯರ್ ಧಾರಾಳವಾಗಿ ಸಾಲುತ್ತದೆ. ಆದರೆ ಮಿತಿ ಎಷ್ಟೆಂದು ನಾವು ಹೇಳದೆ ಅವರಿಗೆ ತಿಳಿಯುವುದಾದರೂ ಹೇಗೆ? ಮುಂದಿನ ಕೊಯ್ಲು ಆರಂಭವಾಗುವ ಮೊದಲೇ, ನವೆಂಬರ್ ಒಳಗೆ ಈ ತಪಾಸಣೆ ಮುಗಿಯಲಿ.

ಇತಿ,
ಹೋಂಸ್ಟೇ ನಡೆಸುವ ಓರ್ವ ಕಾಫಿ ಬೆಳೆಗಾರ,
ನಾಪೋಕ್ಲು, ಕೊಡಗು